ಡಿಪೋದ ಸಪ್ಪೆ ಅಕ್ಕ

ಬೆಳಕು ಇನ್ನೂ ಹರಿದಿಲ್ಲ. ಡಿಪೋದ ಅಂಗಳದಲ್ಲಿ ಸಾಲಾಗಿ ನಿಂತ ಬಸ್ಸುಗಳು ಒಂದೊಂದಾಗಿ ಕೆಮ್ಮುತ್ತ ಎಚ್ಚರಗೊಳ್ಳುತ್ತಿವೆ. ಆಗಷ್ಟೇ ತೊಳೆದ ಟಯರುಗಳ ನೀರು ಡೀಸೆಲ್ ಜಿಡ್ಡಿನ ಜೊತೆ ಬೆರೆತು ಇಳಿಜಾರಿನತ್ತ ಹರಿಯುತ್ತಿದೆ. ಕ್ಯಾಂಟೀನಿನ ಮುಂಭಾಗದಲ್ಲಿ ಬಣ್ಣದ ಬಾಟಲಿಗಳನ್ನು ತುಂಬಿಕೊಂಡ ಗಾಜಿನ ಫ್ರಿಜ್ಜು ಮದುವಣಗಿತ್ತಿಯ ಹಾಗೆ ಝಗಝಗಿಸುತ್ತ ನಿಂತಿದೆ. ಕೆಲವು ಚಾಲಕರು ಅದರತ್ತ ತಿರುಗಿಯೂ ನೋಡದೆ ಗೋಡೆ ಬಳಸಿ, ಪಾತ್ರೆ ತೊಳೆದ ನೀರಿನ ಮೋರಿ ದಾಟಿ, ಹಿಂದಿನ ಪುಟ್ಟ ಕಿಟಕಿಯ ಮುಂದೆ ಬಂದು ನಿಲ್ಲುತ್ತಾರೆ.

ಕಿಟಕಿಯ ಒಳಗೆ ಐವತ್ತು ದಾಟಿದ ಹೆಂಗಸೊಬ್ಬಳು ಕಾವಲಿಯ ಮೇಲೆ ಮೊಟ್ಟೆ ಒಡೆಯುತ್ತಿದ್ದಾಳೆ. ಹೆಚ್ಚಿದ ಕೋಸು, ಸೊಪ್ಪು, ಈರುಳ್ಳಿ ಮುಷ್ಟಿ ತುಂಬ ಉದುರಿಸಿ, ಮಗುಚಿ, ಸುರುಳಿ ಸುತ್ತಿ, ಕಾಗದದಲ್ಲಿ ಕಟ್ಟಿ ಕೊಡುತ್ತಾಳೆ. ಪಕ್ಕದ ಒಲೆಯಲ್ಲಿ ಶುಂಠಿ ಜಜ್ಜಿ ಹಾಕಿದ ಚಹಾ ಕುದಿಯುತ್ತಿದೆ. ಅದರಲ್ಲಿ ಸಕ್ಕರೆಯ ಒಂದು ಹರಳೂ ಇಲ್ಲ.

"ಅಕ್ಕಾ, ಒಂದು ಸಪ್ಪೆ."

"ಮಾತ್ರೆ ತಗೊಂಡ್ಯಾ?"

"ತಗೊಂಡೆ ಅಕ್ಕ."

"ಮಾತ್ರೆ ಹೊಟ್ಟೇಲಿದ್ಯೋ, ಬರೀ ಬಾಯಿಮಾತಲ್ಲಿದ್ಯೋ?"

ಸಾಲಿನಲ್ಲಿ ನಿಂತವರು ಗೊಳ್ಳೆಂದು ನಗುತ್ತಾರೆ. ಸಿಕ್ಕಿಬಿದ್ದವನು ಜೇಬು ತಡಕಿ ಮಾತ್ರೆ ಹೊರತೆಗೆಯುತ್ತಾನೆ. ಸಪ್ಪೆ ಚಹಾ ಕೊಡುವ ಇವಳನ್ನು ಡಿಪೋದವರೆಲ್ಲ ಕರೆಯುವುದು 'ಸಪ್ಪೆ ಅಕ್ಕ' ಎಂದೇ. ಚಹಾ ಸಪ್ಪೆಯಾದರೂ ಮಾತಿಗೆ ಉಪ್ಪು ಖಾರ ಎರಡೂ ಧಾರಾಳ.

ಸಕ್ಕರೆ ಕಾಯಿಲೆ ಬಂದವರಿಗೆ ನಮ್ಮ ಜನ ಕೊಡುವ ಉಪದೇಶಕ್ಕೆ ಬರವಿಲ್ಲ. ಬಾಯಿ ಕಟ್ಟು, ಅನ್ನ ಬಿಡು, ಸಿಹಿ ಮುಟ್ಟಬೇಡ. ಹೇಳುವವರ ನಾಲಿಗೆಗೇನು, ಎಲುಬಿಲ್ಲ. ನಸುಕಿನಲ್ಲಿ ಸ್ಟೇರಿಂಗ್ ಹಿಡಿದು, ಎರಡು ಟ್ರಿಪ್ಪಿನ ನಡುವೆ ಸಿಗುವ ಅರೆಗಳಿಗೆಯಲ್ಲಿ ಮೂತ್ರಕ್ಕೆ ಹೋಗಬೇಕೋ ತಿನ್ನಬೇಕೋ ಎಂದು ಲೆಕ್ಕ ಹಾಕುವ ಚಾಲಕ ಬಾಯಿ ಕಟ್ಟಿ ಏನನ್ನು ತಿನ್ನಬೇಕು? ನಿಲ್ದಾಣದಿಂದ ನಿಲ್ದಾಣಕ್ಕೆ ಅವನ ಕೈಗೆ ಸಿಗುವುದು ಬನ್ನು, ಬಿಸ್ಕತ್ತು, ಎಣ್ಣೆಯಲ್ಲಿ ಕರಿದ ಹಿಟ್ಟು, ಮತ್ತು ಗುಂಡಿ ಒತ್ತಿದರೆ ಸಕ್ಕರೆ ಸಮೇತ ಸುರಿಯುವ ಯಂತ್ರದ ಚಹಾ. ಆ ಯಂತ್ರಕ್ಕೆ 'ಸಕ್ಕರೆ ಬೇಡ' ಎನ್ನುವ ಗುಂಡಿಯೇ ಇಲ್ಲ! ಹಾಲು, ಚಹಾ, ಸಕ್ಕರೆ ಒಟ್ಟಿಗೇ ಬೆರೆಸಿದ ಪುಡಿ ಎಲ್ಲಿಂದಲೋ ಚೀಲದಲ್ಲಿ ಬರುತ್ತದೆ. ಆಯ್ಕೆಯನ್ನು ಕಿತ್ತುಕೊಂಡವರೇ ಆಮೇಲೆ ಸಂಯಮದ ಪಾಠ ಹೇಳುತ್ತಾರೆ.

ಸಪ್ಪೆ ಅಕ್ಕನ ಸಿಟ್ಟಿನ ಬೇರು ಇರುವುದು ಅವಳ ಮನೆಯಲ್ಲೇ. ಗಂಡ ತೀರಿಕೊಂಡ ಮೇಲೆ ಅವಳನ್ನು ಕೈಬಿಡದೆ ಮನೆಗೆ ಕರೆತಂದವನು ಅಣ್ಣ. ಇದೇ ಡಿಪೋದ ಚಾಲಕ. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ ಕೊಡಿಸಿದವನೂ ಅವನೇ. ಅಣ್ಣನಿಗೆ ಶುಗರ್ ಇದೆಯೆಂದು ಗೊತ್ತಾದಾಗ ಅತ್ತಿಗೆ ಬುತ್ತಿ ಕಟ್ಟಿಕೊಟ್ಟಳು. ಎಂಜಿನ್ನಿನ ಕಾವಿಗೆ ಅದು ಮಧ್ಯಾಹ್ನದೊಳಗೆ ಹಳಸಿತು. ಚೆಲ್ಲಿ ಬನ್ನು ತಿಂದ. ಮರುದಿನವೂ ಹಳಸಿತು, ಮರುದಿನವೂ ಬನ್ನು.

ಡ್ಯೂಟಿಯ ಹೊಸ ಬೂಟಿನೊಳಗೆ ಮೊಳೆಯೊಂದು ಮೇಲೆದ್ದು ಅವನ ಅಂಗಾಲನ್ನು ಚುಚ್ಚುತ್ತಲೇ ಇತ್ತು. ಕಾಲಿಗೆ ಸ್ಪರ್ಶಜ್ಞಾನ ಹೋಗಿದ್ದರಿಂದ ಅವನಿಗೆ ತಿಳಿಯಲೇ ಇಲ್ಲ. ಒಗೆಯಲು ಕಾಲುಚೀಲ ಎತ್ತಿದ ಅತ್ತಿಗೆ ರಕ್ತ ನೋಡಿ ಕಿರುಚಿದಾಗ, ಅವನು ಮೊದಲು ಆಡಿದ ಮಾತು "ಡಿಪೋದಲ್ಲಿ ಯಾರಿಗೂ ಹೇಳಬೇಡಿ" ಎಂದು. ಗಾಯ ಕಂಡರೆ ಸ್ಟೇರಿಂಗಿನಿಂದ ಇಳಿಸುತ್ತಾರೆಂಬ ಭಯ. ಮುಚ್ಚಿಟ್ಟ ಗಾಯ ಒಳಗೊಳಗೇ ಕೊಳೆಯಿತು. ಪಾದ ತೆಗೆಯಬೇಕಾಯಿತು.

"ಅಣ್ಣ ಹಾಸಿಗೆ ಮೇಲೆ ಮಲಗಿದ್ದ. ನೋಡೋಕೆ ಬಂದ ಡಿಪೋ ಸಾಹೇಬರು ನಮ್ಮೆಲ್ಲರ ಎದುರಿಗೇ, 'ಏನಪ್ಪಾ, ಸ್ವಲ್ಪ ಬಾಯಿ ಕಟ್ಟಬಾರದಿತ್ತಾ' ಅಂದ್ರು," ಎನ್ನುತ್ತಾಳೆ ಸಪ್ಪೆ ಅಕ್ಕ. ಹೇಳುವಾಗ ಸೌಟು ಹಿಡಿದ ಕೈ ನಿಲ್ಲುತ್ತದೆ. "ನನ್ನ ಮೈಯೆಲ್ಲ ಉರಿದುಹೋಯ್ತು. ಬಾಯಿ ಕಟ್ಟಬಹುದು ಸ್ವಾಮಿ, ಹೊಟ್ಟೆ ಕಟ್ಟೋಕಾಗತ್ತಾ? ಅವನಿಗೆ ತಿನ್ನೋಕೆ ನೀವೇನು ಇಟ್ಟಿದ್ರಿ ಅಂತ ಕೇಳಬೇಕು ಅನ್ನಿಸ್ತು. ಕೇಳಲಿಲ್ಲ. ಅತ್ತಿಗೆ ನನ್ನ ಕೈ ಗಟ್ಟಿ ಹಿಡ್ಕೊಂಡಿದ್ಲು."

ಕೇಳದ ಪ್ರಶ್ನೆಗೆ ಅವಳು ತನ್ನ ಕೈಯಿಂದಲೇ ಉತ್ತರ ಹುಡುಕಿದಳು. ಕ್ಯಾಂಟೀನ್ ಗುತ್ತಿಗೆದಾರನ ಬಳಿ ಹೋಗಿ, ಸಕ್ಕರೆ ಹಾಕದ ಚಹಾಕ್ಕೆಂದು ಬೇರೆ ಪಾತ್ರೆ ಇಡುತ್ತೇನೆ ಅಂದಳು. "ಇದೇನು ಆಸ್ಪತ್ರೆಯೇನಮ್ಮ?" ಎಂದು ಅವನು ನಕ್ಕ. ಕೊನೆಗೆ, ಪಾತ್ರೆ ತೊಳೆಯುವ ಕೆಲಸಕ್ಕೆ ಕುತ್ತು ಬರದಿದ್ದರೆ ಏನಾದರೂ ಮಾಡಿಕೋ ಎಂದು ಕೈಬೀಸಿದ.

ಚಹಾ ಸುಲಭವಾಗಿ ಒಗ್ಗಿತು. ತಿನ್ನುವುದರದ್ದೇ ತಲೆನೋವು. ಅನ್ನದ ಬದಲು ಹೂಕೋಸು ತುರಿದು ಬೇಯಿಸಿದಳು. ಮುಚ್ಚಳ ತೆಗೆದಾಗ ಬಂದ ವಾಸನೆಗೆ ಮೆಕ್ಯಾನಿಕ್ ಒಬ್ಬ ಗ್ಯಾಸು ಸೋರುತ್ತಿದೆಯೆಂದು ಓಡಿಬಂದ. ತೌಡು ಕಲಸಿ ತಟ್ಟಿದ ರೊಟ್ಟಿ ಹೆಂಚಿನಂತೆ ಗಟ್ಟಿಯಾಯಿತು. ಬೇಯಿಸಿದ ಕಾಳನ್ನು ಬಟ್ಟಲು ತುಂಬ ತಿಂದು ಹೋದ ಗಡ್ಡದ ಚಾಲಕ ಟ್ರಿಪ್ಪು ಮುಗಿಸಿ ಬಂದು, "ಅಕ್ಕಾ, ಇವತ್ತು ಬಸ್ಸಿಗೆ ಹಾರನ್ನೇ ಬೇಕಾಗಲಿಲ್ಲ" ಎಂದು ಕೈಮುಗಿದ. ಆ ಮಾತು ವಾರವಿಡೀ ಡಿಪೋದಲ್ಲಿ ಓಡಾಡಿತು.

ಸೋತದ್ದನ್ನು ಬಿಟ್ಟಳು, ಗೆದ್ದದ್ದನ್ನು ಹಿಡಿದಳು. ಈಗ ಅವಳ ಕಿಟಕಿಯಲ್ಲಿ ಮೊಟ್ಟೆ-ಕೋಸಿನ ಸುರುಳಿ ಇದೆ. ಮೊಟ್ಟೆ ತಿನ್ನದವರಿಗೆ ಸೌತೆಕಾಯಿ, ಈರುಳ್ಳಿ, ನಿಂಬೆರಸ ಸೇರಿಸಿದ ಬೇಯಿಸಿದ ಕಡಲೆಕಾಯಿ ಬೀಜ. ಕಾಳು ಈಗಲೂ ಇದೆ, ಆದರೆ ಬಟ್ಟಲು ಚಿಕ್ಕದು. ಬಿಸಿಲು ಏರಿದ ಮೇಲೆ ಬಣ್ಣದ ಬಾಟಲಿಗಳ ಬದಲು ಉಪ್ಪು ಹಾಕಿ ತೆಳ್ಳಗೆ ಕಡೆದ ಮೊಸರು, ಇಲ್ಲವೇ ಪುದೀನ ಹಿಚುಕಿದ ನಿಂಬೆ ನೀರು. ಕುಳಿತು ತಿನ್ನಲು ಹೊತ್ತಿಲ್ಲದವನು ನಿಂತೇ ಮುಗಿಸಬಹುದಾದ, ಕೈಗೆ ಅಂಟದ, ಬಿಸಿಲಿಗೆ ಬೇಗ ಕೆಡದ ತಿನಿಸನ್ನು ಅವಳು ಹುಡುಕುತ್ತಲೇ ಇರುತ್ತಾಳೆ. ದೊಡ್ಡ ದೊಡ್ಡ ಪ್ರಯೋಗಾಲಯದವರು ಇದರ ಬಗ್ಗೆ ಯಾಕೆ ತಲೆಕೆಡಿಸಿಕೊಳ್ಳಲಿಲ್ಲ? ಚಾಲಕನ ಹಸಿವಿನಲ್ಲಿ ಅವರಿಗೆ ಲಾಭ ಕಂಡಿರಲಿಕ್ಕಿಲ್ಲ.

ಲಾಭ ಕಂಡವರು ಬಂದದ್ದು ಬೇರೆ ದಾರಿಯಲ್ಲಿ. ಡಿಪೋದಲ್ಲಿ ಒಮ್ಮೆ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ಬೆರಳು ಚುಚ್ಚಿ ರಕ್ತ ನೋಡಿದರು. ಶುಗರ್ ಜಾಸ್ತಿ ಇದ್ದವರನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದರು. ಆಮೇಲೆ ಪ್ರಾಯೋಜಕರ ಕಡೆಯಿಂದ ಎಲ್ಲರ ಕೈಗೂ ಒಂದೊಂದು ಉಡುಗೊರೆ ಚೀಲ ಸಿಕ್ಕಿತು. ಒಳಗೆ ಒಂದು ಪೊಟ್ಟಣ ಬಿಸ್ಕತ್ತು, ಒಂದು ಡಬ್ಬಿ ಹಣ್ಣಿನ ರಸ! ಬಿಸ್ಕತ್ತಿನ ಮೇಲೆ 'ಸಕ್ಕರೆ ಇಲ್ಲ' ಎಂದು ಕಣ್ಣಿಗೆ ರಾಚುವ ಅಕ್ಷರ. ಒಳಗಿದ್ದದ್ದು ಶುದ್ಧ ಮೈದಾ. ಮೈದಾ ಹೊಟ್ಟೆಗಿಳಿದು ಏನಾಗುತ್ತದೆಂಬುದನ್ನು ಮಾತ್ರ ಯಾವ ಅಕ್ಷರವೂ ಹೇಳುತ್ತಿರಲಿಲ್ಲ. ಮನೆಗೆ ಬೆಂಕಿ ಇಟ್ಟು, ಆರಿಸಲು ಬಕೆಟ್ಟಿನಲ್ಲಿ ಎಣ್ಣೆ ಕೊಟ್ಟ ಹಾಗೆ. ಶಿಬಿರ ಮುಗಿದ ಮೇಲೆ ಅದೇ ಪ್ರಾಯೋಜಕರ ಕಡೆಯಿಂದ ಆ ಗಾಜಿನ ಫ್ರಿಜ್ಜು ಕ್ಯಾಂಟೀನಿಗೆ ಬಂತು.

ಅದೇ ದಿನಗಳಲ್ಲಿ ಅನಾಹುತವೊಂದು ಕೂದಲೆಳೆಯಲ್ಲಿ ತಪ್ಪಿತು. ಉದ್ದಣ್ಣ ಎಂದು ಕರೆಸಿಕೊಳ್ಳುವ ಎತ್ತರದ ಚಾಲಕ ಅಕ್ಕನ ತಿನಿಸಿಗೆ ಮಾರುಹೋಗಿ ಅನ್ನ, ಬ್ರೆಡ್ಡು ಎಲ್ಲವನ್ನೂ ಒಂದೇ ಏಟಿಗೆ ಬಿಟ್ಟ. ಮಾತ್ರೆಗಳನ್ನು ಮಾತ್ರ ಮೊದಲಿನಷ್ಟೇ ನುಂಗುತ್ತಿದ್ದ. ಒಂದು ಬೆಳಿಗ್ಗೆ, ಬಸ್ಸಿನ ತುಂಬ ಜನ ಇದ್ದಾಗ, ಅವನ ಕೈ ನಡುಗತೊಡಗಿತು. ಮೈ ಬೆವೆತು ಕಣ್ಣು ಮಂಜಾಯಿತು. ಹೇಗೋ ಬಸ್ಸನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ಕಂಡಕ್ಟರ್ ಓಡಿಬಂದು, ಪ್ರಯಾಣಿಕರೊಬ್ಬರ ಬಳಿಯಿದ್ದ ಸಿಹಿ ಪಾನೀಯವನ್ನು ಕುಡಿಸಿದ ಮೇಲೆ ಉದ್ದಣ್ಣ ಸುಧಾರಿಸಿಕೊಂಡ. ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿತ್ತು.

ಗುತ್ತಿಗೆದಾರನಿಗೆ ಅಷ್ಟೇ ಸಾಕಾಯಿತು. "ನೋಡಿದ್ಯಾ ನಿನ್ನ ವೈದ್ಯಗಾರಿಕೆ? ನಾಳೆ ಯಾರಾದ್ರೂ ಸತ್ರೆ ನನ್ನ ತಲೆಗೆ ಬರತ್ತೆ. ಪಾತ್ರೆ ತೊಳಿ ಅಂದ್ರೆ ತೊಳಿ!" ಎಂದು ಒಲೆ ಆರಿಸಿದ.

"ಅವತ್ತು ಊಟ ಸೇರಲಿಲ್ಲ," ಎನ್ನುತ್ತಾಳೆ ಅಕ್ಕ. "ಅವರು ಬೈದದ್ದಕ್ಕಲ್ಲ. ಬಸ್ಸಲ್ಲಿ ಮಕ್ಕಳಿದ್ರಲ್ಲ, ಅದಕ್ಕೆ."

ಮರುದಿನ ಅವಳು ಉದ್ದಣ್ಣನನ್ನೂ ಕರೆದುಕೊಂಡು ಶುಗರ್ ಆಸ್ಪತ್ರೆಗೆ ಹೋದಳು. ಅಲ್ಲಿಯ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ತಿನಿಸು ಕೆಟ್ಟದ್ದಲ್ಲ, ಆದರೆ ಹಿಟ್ಟು, ಅನ್ನ ಕಡಿಮೆ ಮಾಡುವ ಮುಂಚೆ ಡಾಕ್ಟರಿಗೆ ಹೇಳಬೇಕು, ಕೆಲವು ಮಾತ್ರೆಗಳನ್ನೂ ಇನ್ಸುಲಿನ್ನನ್ನೂ ಅದಕ್ಕೆ ತಕ್ಕಂತೆ ಅವರೇ ಕಡಿಮೆ ಮಾಡಬೇಕು. ತಾನಾಗಿ ಮಾತ್ರೆ ಬಿಡಬಾರದು, ತಾನಾಗಿ ಊಟವನ್ನೂ ಬಿಡಬಾರದು. ಜೇಬಿನಲ್ಲಿ ಒಂದಿಷ್ಟು ಸಿಹಿ ಇರಲೇಬೇಕು. "ಇದನ್ನ ಇವರಿಗೆ ನಾವು ಮೊದಲೇ ಹೇಳಬೇಕಿತ್ತಮ್ಮ," ಎಂದೂ ಅವರು ಸೇರಿಸಿದರು. ಅಂದಿನಿಂದ ಮಾತ್ರೆ ವಿಚಾರಿಸದೆ, ಡಾಕ್ಟರನ್ನು ಕಂಡಿದ್ದೀಯಾ ಎಂದು ಕೇಳದೆ ಅಕ್ಕ ಹೊಸಬರಿಗೆ ಸುರುಳಿ ಕೊಡುವುದಿಲ್ಲ.

ಆದರೆ ಒಲೆ ಆರಿತ್ತಲ್ಲ? ಅದನ್ನು ಮತ್ತೆ ಹಚ್ಚಿಸಿದವರು ಚಾಲಕರು. ಒಂದು ನಸುಕಿಗೆ ಅವರೆಲ್ಲ ಕ್ಯಾಂಟೀನಿಗೆ ಬಂದರು. ಲೋಟ ತೆಗೆದುಕೊಂಡರು. ಯಂತ್ರದ ಹತ್ತಿರ ಹೋಗದೆ, ಮೇಜಿನ ಮೇಲೆ ಲೋಟವನ್ನು ಬೋರಲು ಹಾಕಿ ಸುಮ್ಮನೆ ಕುಳಿತರು. ಶುಗರ್ ಇದ್ದವರ ಜೊತೆ ಇಲ್ಲದವರೂ ಇದ್ದರು. ಎಲ್ಲರಿಗಿಂತ ಮುಂದೆ ಕೂತವನು ಉದ್ದಣ್ಣ. ಘೋಷಣೆ ಇಲ್ಲ, ಗಲಾಟೆ ಇಲ್ಲ.

"ಏನ್ರಪ್ಪಾ ಇದು?" ಎಂದ ಗುತ್ತಿಗೆದಾರ.

"ಏನಿಲ್ಲ. ಸಪ್ಪೆ ಇಲ್ಲದಿದ್ರೆ ಟೀನೇ ಬೇಡ," ಎಂದ ಗಡ್ಡದವನು.

"ನಿನಗೆ ಶುಗರ್ ಇಲ್ಲವಲ್ಲೋ!"

"ಬರೋವರೆಗೂ ಕಾಯಬೇಕಾ?"

ಮೂರು ಬೆಳಿಗ್ಗೆ ಹೀಗೇ ಆಯಿತು. ಗುತ್ತಿಗೆದಾರ ಇಳಿದುಬಂದ, ಪೂರ್ತಿ ಇಳಿಯಲಿಲ್ಲ. ಮುಂದಿನ ಅಡುಗೆಮನೆ ಕೊಡಲಾಗದು, ಪಾತ್ರೆ ತೊಳೆಯುವ ಕೋಣೆಯ ಮೂಲೆಯಲ್ಲಿ ಏನಾದರೂ ಬೇಯಿಸಿಕೋ, ಹಿಂದಿನ ಕಿಟಕಿಯಲ್ಲಿ ಕೊಡು ಎಂದ. ಹಾಗಾಗಿ ಕಾಲು ಉಳಿಸಿಕೊಳ್ಳುವ ಊಟಕ್ಕೆ ಮೋರಿ ದಾಟಿ ಬರಬೇಕು, ಕಾಲು ಕಳೆಯುವ ಬಣ್ಣದ ನೀರು ಮುಂಬಾಗಿಲಲ್ಲೇ ತಣ್ಣಗೆ ಸಿಗುತ್ತದೆ. ಬೆಳಗಿನ ಅಡುಗೆ ಮುಗಿಸಿ ಅಕ್ಕ ಈಗಲೂ ರಾಶಿ ಪಾತ್ರೆ ತೊಳೆಯಬೇಕು. ಎರಡು ಕೆಲಸ, ಒಂದೇ ಹುದ್ದೆ.

ಇಷ್ಟು ಸಾಲದೆಂಬಂತೆ ಕಳೆದ ವರ್ಷ ಡಿಪೋಗೆ 'ಆರೋಗ್ಯಸ್ನೇಹಿ' ಎಂಬ ಪ್ರಶಸ್ತಿ ಬಂತು. ಗಾಜಿನ ಫ್ರಿಜ್ಜಿನ ಮುಂದೆಯೇ ನಿಂತು ಸಾಹೇಬರೂ ಗುತ್ತಿಗೆದಾರನೂ ಫಲಕ ಹಿಡಿದು ಫೋಟೊ ತೆಗೆಸಿಕೊಂಡರು. ಭಾಷಣದಲ್ಲಿ 'ನಮ್ಮ ಕ್ಯಾಂಟೀನಿನ ಸಕ್ಕರೆರಹಿತ ಯೋಜನೆ' ಎಂಬ ಮಾತೂ ಬಂತಂತೆ. ಯೋಜನೆ ಆ ಹೊತ್ತಿನಲ್ಲಿ ಮೊಣಕೈವರೆಗೆ ಸೋಪಿನ ನೊರೆ ಹಚ್ಚಿಕೊಂಡು ಬಾಣಲೆ ತಿಕ್ಕುತ್ತಿತ್ತು. ನೀವು ಹೋಗಿ ಕೇಳಬೇಕಿತ್ತು ಎಂದರೆ ಅಕ್ಕ ನಗುತ್ತಾಳೆ. "ಫೋಟೊ ಹಾಕ್ಕೊಂಡು ಏನು ಮಾಡ್ಲಿ? ಆದ್ರೆ ಆ ಫ್ರಿಜ್ಜಿನ ಮುಂದೆ ಯಾಕೆ ನಿಂತ್ರು ಅಂತ ಮಾತ್ರ ಇವತ್ತಿಗೂ ಹೊಟ್ಟೆ ಉರಿಯತ್ತೆ."

ಮಧ್ಯಾಹ್ನ ಅವಳು ಮನೆ ಸೇರಿದಾಗ ಅಣ್ಣ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಮಡಿಲಿಗೆ ಬಟ್ಟೆ ಹಾಸಿಕೊಂಡು ಸೊಪ್ಪು ಬಿಡಿಸುತ್ತಿರುತ್ತಾನೆ. ಮರುದಿನದ ಕೋಸು ಹೆಚ್ಚುವವನೂ ಅವನೇ. ಕೃತಕ ಪಾದ ಗೋಡೆಗೆ ಒರಗಿರುತ್ತದೆ. ಡಿಪೋದಲ್ಲಿ ಯಾವ ಬಸ್ಸು ಕೆಟ್ಟಿತು, ಯಾರ ಶುಗರ್ ಇಳಿಯಿತು, ಎಲ್ಲ ಸುದ್ದಿಯೂ ಅವನಿಗೆ ಬೇಕು. ಗಡ್ಡದವನ ಜೊತೆ ತಪಾಸಣೆಗೆ ಹೋದ ಉದ್ದಣ್ಣನ ಮಾತ್ರೆಗಳನ್ನು ಡಾಕ್ಟರಮ್ಮ ಕಡಿಮೆ ಮಾಡಿದರೆಂದು ಕೇಳಿದ ದಿನ ಅಣ್ಣ ಮಾಮೂಲಿಗಿಂತ ಎರಡು ಕೋಸು ಹೆಚ್ಚೇ ಹೆಚ್ಚಿದ.

"ಇವಳು ಚಿಕ್ಕೋಳಿದ್ದಾಗ ಹಠಮಾರಿ ಅಂತ ಬೈತಿದ್ದೆ," ಎನ್ನುತ್ತಾನೆ ಅವನು, ತಂಗಿಯ ಕಡೆ ನೋಡದೆ. "ಆ ಹಠ ಡಿಪೋಗೆ ಸ್ವಲ್ಪ ಮುಂಚೆ ಬಂದಿದ್ರೆ ನನ್ನ ಕಾಲೂ ಉಳೀತಿತ್ತು."

ಅತ್ತಿಗೆ ಒಳಗಿನಿಂದಲೇ ಗದರುತ್ತಾಳೆ, "ಸಾಕು ಸುಮ್ನಿರಿ." ಮೂವರೂ ನಗುತ್ತಾರೆ. ಆ ನಗೆ ಕೇಳಿದವರಿಗೆ ನಗು ಬರುವುದಿಲ್ಲ.

ನಿಮಗೇನು ಬೇಕು ಎಂದು ಕೇಳಿದರೆ ಸಪ್ಪೆ ಅಕ್ಕ ತುಂಬ ಹೊತ್ತು ಯೋಚಿಸುವುದಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಹೇಳುತ್ತಾಳೆ.

"ಎಲ್ಲಾ ಡಿಪೋದಲ್ಲೂ, ಎಲ್ಲಾ ಬಸ್‌ಸ್ಟ್ಯಾಂಡಲ್ಲೂ ಒಂದೇ ಒಂದು ಪಾತ್ರೆ ಚಹಾನ ಸಕ್ಕರೆ ಹಾಕದೆ ಇಡಲಿ. ನನ್ನ ಹೆಸರೇನೂ ಬೇಡ. ಸಿಹಿ ಬೇಕಾದೋರು ಆಮೇಲೆ ಹಾಕ್ಕೋತಾರೆ, ಯಾರು ಬೇಡ ಅಂತಾರೆ? ಬೆರೆಸಿಬಿಟ್ಟಿದ್ದನ್ನ ಮಾತ್ರ ಯಾರ ಕೈಲೂ ತೆಗೆಯೋಕಾಗಲ್ಲ."