ಕೆಂಪು ಚಿಟ್ಟೆ ಕೂತ ಕೋಲು

೨೦೦೪ರಲ್ಲಿ ಎಂಟನೇ ಕ್ಲಾಸಿಗೆ ನನ್ನ ಓದು ನಿಂತಿತು. ಅದಕ್ಕೆ ನಾಚಿಕೆಯಿಲ್ಲ, ಅಂದಿನಿಂದ ಈ ಕೈ ಸುಮ್ಮನೆ ಕೂತದ್ದಿಲ್ಲ. ಸಿರುಗುಪ್ಪದ ಹತ್ತಿರ ರಾರಾವಿಯಲ್ಲಿ ಗೆಳೆಯ ಖಾಜಾನ ಜೊತೆ ಪಾಲಿನಲ್ಲಿ ಮೀನುಮರಿ ಸಾಕುತ್ತೇನೆ. ಹೊಂಡ ನನ್ನದು, ಮರಿ ತರುವುದು ಅವನದು. ರೆಪ್ಪೆಗೂದಲಿನಷ್ಟಿರುವ ಮರಿಗಳನ್ನು ಬಳ್ಳಾರಿಯಿಂದ ಆಕ್ಸಿಜನ್ ಚೀಲದಲ್ಲಿ ತಂದು, ಬೆರಳುದ್ದ ಬೆಳೆಸಿ, ಕುರುಗೋಡಿನ ಕೆರೆಯವರಿಗೆ ಕೊಡುತ್ತೇವೆ.

ಮೂರು ವರ್ಷದ ಹಿಂದೆ ಕಾಲುವೆಗೆ ನೀರು ಬಿಟ್ಟಾಗ, ಮತ್ತೆ ನಮ್ಮ ಪಾಳಿ ಯಾವಾಗಲೋ ಎಂದು ಹೊಂಡ ತುಂಬಿಸಿಬಿಟ್ಟೆ. ಮರಿ ಬಂದದ್ದು ತಿಂಗಳ ಮೇಲೆ. ಅಷ್ಟರಲ್ಲಿ ಮಿಂಚುಳ್ಳಿ ಎರಗದಂತೆ ನೀರಲ್ಲಿ ಕೋಲು ನೆಟ್ಟು ದಾರ ಕಟ್ಟಿದ್ದೆ. ಕೋಲಿನ ತುದಿಗಳಲ್ಲೆಲ್ಲ ಏರೋಪ್ಲೇನ್ ಚಿಟ್ಟೆ. ಕಣ್ಣು, ಮುಖ, ಕಾಲು, ಬಾಲ, ಎಲ್ಲ ಒಣಮೆಣಸಿನಕಾಯಿ ಕೆಂಪು. ಹಳದಿ ಹೆಣ್ಣುಗಳು ಬಾಲದ ತುದಿಯನ್ನು ನೀರಿಗೆ ತಟ್ಟಿ ತಟ್ಟಿ ಹಾರುತ್ತಿದ್ದವು. ನೋಡಲು ಚೆಂದವಿತ್ತು.

ಮರಿ ಬಿಟ್ಟ ಮೇಲೆ, ಬೆಳಿಗ್ಗೆ ತೌಡು ಚೆಲ್ಲಿದಾಗ ಮೇಲೆ ಬರುವ ಗುಂಪು ದಿನದಿನಕ್ಕೆ ಸಣ್ಣದಾಯಿತು. ಸತ್ತದ್ದು ಒಂದೂ ತೇಲಲಿಲ್ಲ. ಅಂಗಾತ ಈಜುವ ನೀರುಹುಳು ಕಂಡು, ಸೋಪು-ಎಣ್ಣೆ ಕಲಸಿ ಸುರಿದೆ. ಉಸಿರಿಗೆ ಮೇಲೆ ಬರುವ ಆ ಹುಳುಗಳು ಸತ್ತವು. ಮರಿ ಕರಗುವುದು ಮಾತ್ರ ನಿಲ್ಲಲಿಲ್ಲ. ಆಗ ಕೆಟ್ಟ ಯೋಚನೆ ಹೊಕ್ಕಿತು. ಮರಿಗಳನ್ನು ಒಂದೊಂದೇ ಎಣಿಸುವುದಿಲ್ಲ, ಜಾಲರಿ ಬಟ್ಟಲಿನಿಂದ ಅಳೆಯುತ್ತಾರೆ. ಖಾಜಾ ಕಡಿಮೆ ಅಳೆಸಿಕೊಂಡು ಉಳಿದ ದುಡ್ಡು ಇಟ್ಟುಕೊಂಡನೇನೋ.

"ಬಟ್ಟಲು ತುಂಬ ಅಳದು ಕೊಟ್ರೇನಲೇ, ಇಲ್ಲಾ ಅರ್ಧಕ್ಕ ಹ್ಞೂಂ ಅಂದ್ಯೋ?" ಎಂದು ಖಾಜಾನನ್ನು ಕೇಳೇಬಿಟ್ಟೆ.

ಅವನು ಕೂಗಾಡಲಿಲ್ಲ. "ನನ್ ಮ್ಯಾಲೆ ಅನುಮಾನ ಇದ್ರ ಇವತ್ತ ಪಾಲು ಮುರಿಯೋಣು. ಮೊದ್ಲು ಬಲಿ ಎಳಿ. ಹೊಂಡದಾಗ ಏನೈತಿ ನೋಡೋಣು."

ಸೊಂಟಮಟ್ಟದ ನೀರಿಗೆ ಇಳಿದೆವು. ಬಲೆಯ ಕೆಸರಲ್ಲಿ ಹುಣಸೆಬೀಜದ ಗಾತ್ರದ, ಮಣ್ಣುಬಣ್ಣದ, ಆರು ಕಾಲಿನ ಹುಳುಗಳು. ಬಕೆಟ್ಟಿಗೆ ಹಾಕಿದೆವು, ಸಿಕ್ಕ ಮರಿಗಳನ್ನೂ ಹಾಕಿದೆವು. ಕಣ್ಣೆದುರೇ ಒಂದು ಹುಳು, ಮುಖದಡಿ ಮಡಿಸಿಟ್ಟ ದವಡೆಯನ್ನು ಇಕ್ಕಳದಂತೆ ಚಾಚಿ ಮರಿಯನ್ನು ಹಿಡಿಯಿತು.

ಖಾಜಾ ಕೋಲಿನತ್ತ ಬೆರಳು ಮಾಡಿದ. ಅಲ್ಲಿ ಅದೇ ಹುಳುವಿನ ಒಣ ಪೊರೆ, ಬೆನ್ನು ಸೀಳಿತ್ತು. ಪಕ್ಕದಲ್ಲೇ ಎಳೆ ಹಳದಿ ಚಿಟ್ಟೆಯೊಂದು ರೆಕ್ಕೆ ಆರಿಸುತ್ತಿತ್ತು. ಗಂಡಾದರೆ ಆಮೇಲೆ ಕೆಂಪಾಗುತ್ತದೆ. ಹೆಣ್ಣು ನೀರಿಗೆ ತಟ್ಟಿ ತಟ್ಟಿ ಇಟ್ಟದ್ದು ಮೊಟ್ಟೆ. ಅದರಿಂದ ಹುಟ್ಟುವ ಈ ಹುಳು ನೀರೊಳಗೇ ಉಸಿರಾಡುತ್ತದೆ, ಅದಕ್ಕೇ ಎಣ್ಣೆ ನಾಟಲಿಲ್ಲ. ಕೊನೆಗೆ ನೀರಿನಿಂದ ಮೇಲೆ ಹತ್ತಿ ಪೊರೆ ಬಿಡಲು ಕೋಲು ಬೇಕು. ಅದನ್ನೂ ನಾನೇ ನೆಟ್ಟಿದ್ದೆ.

"ಏರ್‌ಪೋರ್ಟ್ ಕಟ್ಟಿದಾವ ನೀನು, ಕಳ್ಳ ನಾನು," ಅಂದ ಖಾಜಾ. ನಗಲಿಲ್ಲ.

ದಡ ಹತ್ತಿ ಹೋಗಿಯೇಬಿಡುತ್ತಾನೆ ಅಂದುಕೊಂಡೆ. ಅವನು ಬಲೆಯ ಇನ್ನೊಂದು ತುದಿ ಹಿಡಿದ. ಸಂಜೆತನಕ ಎಳೆದು ಹುಳು ಆರಿಸಿದೆವು. ಕುರುಗೋಡಿಗೆ ಹೋದ ಮರಿ, ನಾವು ಕೊಡುತ್ತೇವೆಂದು ಹೇಳಿದ್ದರಲ್ಲಿ ಅರ್ಧವೂ ಅಲ್ಲ.

ಮರಿ ಬರುವುದು ಖಾತ್ರಿಯಾಗದೆ ಹೊಂಡ ತುಂಬಿಸಬಾರದು, ಖಾಲಿ ನೀರಲ್ಲಿ ಚಿಟ್ಟೆ ಮೊದಲೇ ಮೊಟ್ಟೆಯಿಡುತ್ತದೆ. ನೀರಿನೊಳಗೆ ನೋಡದೆ ದಡದಲ್ಲಿರುವವನನ್ನು ದೂರಬಾರದು. ಕೆಲಸ ಕಲಿಸಿದ್ದು ಇಷ್ಟು. ಈಗ ನನ್ನಲ್ಲಿರುವುದು ಹೊಂಡ ಎರಡು, ಬಲೆ ಮೂರು, ನೀರಲ್ಲಿ ಕೋಲು ಒಂದೂ ಇಲ್ಲ. ಪಾಲುದಾರ ಒಬ್ಬ, ಅವನೇ.