ಗುಬ್ಬಿ ಮನಿ ಬಿತ್ತು

ನಮ್ಮ ಇಳಕಲ್ ಸಾಲಿಗೆ ಒಬ್ಬ ಅಕ್ಕಾರು ಕಲಿಸಾಕ ಬಂದಿದ್ರು. ಸೆರಗು ಸೊಂಟಕ್ಕ ಸಿಗಿಸಿ ಹುಡುಗ್ರ ಜೋಡಿ ಕೆಸರು ತುಳೀತಿದ್ರು. ಏನ ಕೇಳಿದ್ರೂ ಒಂದ ಮಾತು: "ಸುಮ್ನ ಹೌದನ್ನಬ್ಯಾಡ್ರಿ, ಮಾಡಿ ನೋಡ್ರಿ."

ಮಗಳನ್ನ ಸಾಲಿ ಬಿಡಿಸಿ ಮಗ್ಗದ ಕಂಡಕಿಗೆ ನೂಲು ಸುತ್ತಾಕ ಹಚ್ಚಬೇಕಂತ ನಾ ಒಂದಿನ ಹೋದೆ. ಅಂಗಳದಾಗ ಗುಬ್ಬಿ-ಕಾಗಿ ಕತಿ ನಡದಿತ್ತು. ಕತ್ಯಾಗ ಮಳಿಗೆ ಕಾಗಿಯ ಸಗಣಿ ಮನಿ ಕರಗತೈತಿ, ಗುಬ್ಬಿಯ ಕಲ್ಲಿನ ಮನಿ ನಿಲ್ಲತೈತಿ. ಹುಡುಗ್ರು ಎರಡೂ ಕಟ್ಟಿದ್ರು. ಅಕ್ಕಾರು ಕೊಡದಲೆ ನೀರು ಸುರುವಿದ್ರು. ಬಿಸಲಿಗೆ ಒಣಗಿದ ಕಾಗಿ ಮನಿ ನಿಂತಿತು. ಗುಬ್ಬಿ ಮನಿನ ಬಿತ್ತು.

"ಅಕ್ಕಾರ, ನಿಮ್ಮ ಕತಿ ಸುಳ್ಳಾತು" ಅಂತ ಹುಡುಗ್ರು ನಕ್ರು.

ಬ್ಯಾರೆದವ್ರಾದ್ರ ಬಡೀತಿದ್ರು. ಇವ್ರು ಕಲ್ಲಿನ ಮುಂದ ಕುಂತು, "ಯಾಕ ಬಿತ್ತು ಹೇಳ್ರಿ" ಅಂದ್ರು.

ನನ್ನ ಮಗಳು, "ಸಂದಿನ ಮ್ಯಾಲ ಸಂದು ಬಂದೈತ್ರಿ. ಮ್ಯಾಲಿನ ಕಲ್ಲು ಕೆಳಗಿನ ಎರಡು ಕಲ್ಲಿನ ಮ್ಯಾಲ ಕುಂದರಬೇಕು" ಅಂದ್ಲು. ಹಂಗ ಕಟ್ಟಿದ್ಲು. ಅಕ್ಕಾರು ಮತ್ತ ಕೊಡ ಬಗ್ಗಿಸಿದ್ರು. ಮನಿ ಅಲಗಲಿಲ್ಲ.

ಆಮ್ಯಾಲ ನನ್ನ ನೋಡಿ, "ಯಾಕ ಬಂದ್ರಿ ಅವ್ವಾರ?" ಅಂದ್ರು.

"ನೋಡಾಕ ಬಂದೆ" ಅಂದೆ.

ಓಣಿ ತುಂಬ ಮಗಳ ಸುದ್ದಿ ಹೇಳಿಕೋತ ಮನಿಗೆ ಹೋಗಿ, ಕಂಡಕಿ ನಾನ ಸುತ್ತಿದೆ.