ಹೇಳಲು ಬಾಕಿ ಇದ್ದ ಇಮೇಲ್

ಪುಂಜಾಲಕಟ್ಟೆಯಲ್ಲಿ ನನ್ನ ಹೆಂಡತಿ ಒಂದು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದಳು. ಅರ್ಜಿ ತುಂಬಿಸಲು ಬಂದವರನ್ನು "ಇಮೇಲ್ ಉಂಟಾ?" ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ನಮಗೆಂತ ಇಮೇಲ್ ಅಕ್ಕ, ನಿಮ್ಮದೇ ಹಾಕಿ." ಅವಳು ಹಾಕುತ್ತಿದ್ದಳು. ಹಾಗಾಗಿ ಸುತ್ತಲಿನ ಎಷ್ಟೋ ಮನೆಗಳ ಪತ್ರಗಳು ಅವಳ ಮೊಬೈಲಿಗೆ ಬರುತ್ತಿದ್ದವು. ಇಮೇಲ್ ಎಂದರೇನೆಂದು ಆ ಮನೆಗಳಲ್ಲಿ ಕೇಳಿದ್ದರೆ, ಅಂಗಡಿಯ ಅಕ್ಕ ಫೋನ್ ಮಾಡಿ ತಿಳಿಸುವ ಸುದ್ದಿ ಎನ್ನುತ್ತಿದ್ದರೇನೋ.

ಓದದ ಇಮೇಲ್ ದಪ್ಪ ಕಪ್ಪು ಅಕ್ಷರದಲ್ಲಿ ಕಾಣುತ್ತದೆ. ತೆರೆದರೆ ಅಕ್ಷರ ತೆಳುವಾಗುತ್ತದೆ. ಅವಳು ಓದಿದ್ದನ್ನೂ ಪುನಃ ಕಪ್ಪು ಮಾಡಿ ಇಡುತ್ತಿದ್ದಳು.

"ಓದಿ ಆಯ್ತಲ್ಲ ಮಾರಾಯ್ತಿ, ಮತ್ತೆ ಯಾಕೆ ಕಪ್ಪು ಮಾಡುದು?"

"ಅವರಿಗೆ ಹೇಳಿ ಆಗ್ಲಿಲ್ಲ. ನಿಮ್ಮ ಹಾಗೆ ಓದಿ ಮರೆತು ಕೂತ್ರೆ ಆಗ್ತದಾ?"

ಹೇಳಿ ಆದ ಮೇಲೆಯೇ ಅದು ತೆಳುವಾಗಬೇಕು. ಅದು ಅವಳ ಕ್ರಮ.

ಅವಳು ತೀರಿಕೊಂಡ ಮೇಲೆ ಅಂಗಡಿ ಮುಚ್ಚಿದೆ. ಮೊಬೈಲನ್ನು ಚಾರ್ಜ್ ಮಾಡಿ ಕಪಾಟಿನಲ್ಲಿ ಇಡುತ್ತಿದ್ದೆ, ಅಷ್ಟೇ. ಅದನ್ನು ತೆರೆದು ನೋಡುವ ಶಕ್ತಿ ಇರಲಿಲ್ಲ.

ತಿಂಗಳು ಕಳೆದಿರಬೇಕು. ಬೀಡಿ ಕಟ್ಟುವ ನೆರೆಮನೆಯಾಕೆ ಬಂದು ಜಗಲಿಯ ತುದಿಯಲ್ಲಿ ನಿಂತರು.

"ಅಣ್ಣ, ಈಗ ಕೇಳ್ಬಾರ್ದು. ಮಗಳು ಮೂಡುಬಿದಿರೆಯಲ್ಲಿ ನರ್ಸ್ ಕೆಲಸಕ್ಕೆ ಹಾಕಿದ್ದಾಳೆ. ಇಂಟರ್‌ವ್ಯೂ ಇದ್ರೆ ಇಮೇಲಿಗೆ ಬರ್ತದಂತೆ. ಅಕ್ಕನದ್ದೇ ಕೊಟ್ಟದ್ದು."

ಮೊಬೈಲ್ ತೆರೆದೆ. ಕಪ್ಪು ಸಾಲುಗಳು ಮುಗಿಯುವಂತೆಯೇ ಇರಲಿಲ್ಲ. ಹುಡುಗಿಯ ಪತ್ರ ಸಿಕ್ಕಿತು. ಇಂಟರ್‌ವ್ಯೂ ಮರುದಿನವೇ ಇತ್ತು.

"ಅಯ್ಯೋ ದೇವರೇ, ಒಂದು ದಿನ ತಡ ಆಗಿದ್ರೆ!" ಎಂದು ಆಕೆ ಓಡಿದರು.

ಉಳಿದವರಿಗೂ ಹೀಗೇ ತಡವಾಗುತ್ತಿರಬಹುದು ಎಂದು ಅಲ್ಲೇ ಕುಳಿತು ಕೆಳಗೆ ಕೆಳಗೆ ನೋಡುತ್ತ ಹೋದೆ. ತೀರಾ ಕೆಳಗೆ, ತೆಳು ಸಾಲುಗಳ ನಡುವೆ ಒಂದೇ ಒಂದು ಕಪ್ಪು ಸಾಲಿತ್ತು. ಮಂಗಳೂರಿನ ಒಂದು ಲ್ಯಾಬಿನದ್ದು, ಅವಳದ್ದೇ ಹೆಸರಿಗೆ. ತೆರೆದೆ. ರೋಗದ ಹೆಸರು ಅದರಲ್ಲಿತ್ತು. ಕೆಳಗೆ ಅವಳ ಉತ್ತರ: "ರಿಪೋರ್ಟ್ ಸಿಕ್ಕಿತು, ಧನ್ಯವಾದ." ಅವಳು ನನಗೆ ಹೇಳಿದ್ದಕ್ಕಿಂತ ಎರಡು ತಿಂಗಳು ಹಿಂದಿನ ತಾರೀಕು. ಆಗ ನಾನು ಕೇಳಿದಾಗಲೆಲ್ಲ "ಗ್ಯಾಸ್ಟ್ರಿಕ್, ಮತ್ತೆಂತ ಇಲ್ಲ" ಎನ್ನುತ್ತಿದ್ದಳು.

ಓದಿ, ಪುನಃ ಕಪ್ಪು ಮಾಡಿ ಇಟ್ಟಿದ್ದಳು. ಆಮೇಲೆ ಆಸ್ಪತ್ರೆಯ ಓಡಾಟದಲ್ಲಿ ಅದನ್ನು ತೆಳು ಮಾಡಲು ಮರೆತಳೋ, ನನಗೆ ಪೂರ್ತಿ ಹೇಳಿ ಆಗಿಲ್ಲ ಎಂದೇ ಹಾಗೆ ಬಿಟ್ಟಳೋ, ಗೊತ್ತಿಲ್ಲ. ಸಿಟ್ಟು ಬರಬೇಕಿತ್ತು. ಸುಸ್ತಾಯಿತು, ಅಷ್ಟೇ.

ನಾನು ತೆರೆದದ್ದರಿಂದ ಆ ಸಾಲು ತೆಳುವಾಗಿತ್ತು. ಹಾಗೇ ಬಿಟ್ಟೆ. ಮೇಲಿನ ಕಪ್ಪು ಸಾಲುಗಳಲ್ಲಿ ಮೊದಲನೆಯದು ಪಾಣೆಮಂಗಳೂರಿನ ಒಬ್ಬರದ್ದು. ಅವಳ ಮೊಬೈಲಿನಿಂದಲೇ ಫೋನ್ ಮಾಡಿದೆ.

"ಹಲೋ, ಅಕ್ಕಾ?" ಎಂದಿತು ಆ ಕಡೆಯ ದನಿ.

"ಅಕ್ಕ ಅಲ್ಲ. ಅವಳ ಮನೆಯವರು ಮಾತಾಡುದು. ನಿಮಗೊಂದು ಇಮೇಲ್ ಬಂದುಂಟು."